ಅಂಗಳದ ತಕ್ಕಡಿ, ಪಾಠದ ಸಮೀಕರಣ

ಚಾಮರಾಜನಗರ, ಗುಂಡ್ಲುಪೇಟೆಗಳ ಬಂಧುಗಳ ಮನೆಗಳಲ್ಲಿ ನಾವು ಒಂದು ಮಾತನ್ನು ಪದೇ ಪದೇ ಕೇಳುತ್ತಿರುತ್ತೇವೆ: “ಲೆಕ್ಕದಲ್ಲಿ ಹುಡುಗಿ ಚುರುಕಾಗಿದ್ದಳು, ಅಂಕಿಗಳ ನಡುವೆ ಅಕ್ಷರ ಬಂದ ಮೇಲೆ ತಲೆಗೆ ಹತ್ತುತ್ತಿಲ್ಲ.” ಆರೇಳನೆಯ ತರಗತಿಯಲ್ಲಿ ಮಕ್ಕಳು ಬೀಜಗಣಿತಕ್ಕೆ ಅಂಜುವುದು ಸಹಜ. ಅವರಿಗಿಂತ ಹೆಚ್ಚಾಗಿ ಹೆತ್ತವರು ಅಂಜಿ, “ನಮಗೇ ಬಾರದು” ಎಂದು ಕೈಚೆಲ್ಲುವುದು ಮಾತ್ರ ವಿಷಾದಕರ.

ವಾಸ್ತವವಾಗಿ ಈ ವಿದ್ಯೆ ನಮ್ಮ ಅಂಗಳದ್ದೇ. ಗುಂಡ್ಲುಪೇಟೆಯ ಕಡೆ ಚೆಂಡುಹೂ ಬೆಳೆಯುವವರನ್ನು ನೋಡಿರಿ. ಹೂ ತುಂಬಿದ ಬುಟ್ಟಿ 14 ಕಿಲೋ ತೂಗಿತು. ಬರಿಯ ಬುಟ್ಟಿ 2 ಕಿಲೋ. ಹೂವಿನ ತೂಕವನ್ನು ‘ಹೂ’ ಎಂದೇ ಕರೆಯೋಣ. ಹೂ + 2 = 14. ತಕ್ಕಡಿಯ ಎರಡೂ ತಟ್ಟೆಗಳಿಂದ 2 ತೆಗೆದರೆ ಹೂ = 12. ಮೂರು ಮೊಳ ಮಾಲೆಗೆ 60 ರೂಪಾಯಿಯಾದರೆ, 3 × ಮೊಳದ ಬೆಲೆ = 60. ಎರಡೂ ಕಡೆ ಮೂರರಿಂದ ಭಾಗಿಸಿದರೆ ಮೊಳಕ್ಕೆ 20. ಕೂಡಿದ್ದನ್ನು ಕಳೆದು, ಗುಣಿಸಿದ್ದನ್ನು ಭಾಗಿಸಿ ಗಂಟು ಬಿಚ್ಚುವುದಷ್ಟೇ ಇಲ್ಲಿನ ಕೆಲಸ.

ಅರಿಯದ ಸಂಖ್ಯೆಯನ್ನು ನಮ್ಮ ಪ್ರಾಚೀನ ಗಣಿತಜ್ಞರು ‘ಅವ್ಯಕ್ತ’ವೆಂದು ಕರೆದು, ಯಾ, ಕಾ, ನೀ ಎಂಬ ಅಕ್ಷರಗಳಿಂದ ಗುರುತಿಸುತ್ತಿದ್ದರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ, ಗಣಿತ ಬೇಕಾದ ವಿದ್ಯೆಗಳ ಸಾಲಿನಲ್ಲಿ ಪಾಕಶಾಸ್ತ್ರವನ್ನೂ ಎಣಿಸಿದ್ದಾರೆ. ಶರಣರ ಕಾಲವಾದ ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ರಚಿಸಿದನು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು; ಲೆಕ್ಕದ ಶುದ್ಧಿ ನಮ್ಮ ಪರಂಪರೆಗೆ ಹೊರತಾದುದಲ್ಲ.

ಒಂದು ತಟ್ಟೆಗೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಬೇಕೆಂಬುದೇ ಸಮೀಕರಣದ ಏಕೈಕ ನಿಯಮ. ಸಮತೆಯ ಮಾತು ಕೇಳಿ ಬೆಳೆದ ಮನೆಗಳಿಗೆ ಇದನ್ನು ವಿವರಿಸಬೇಕೆ? ದೊರೆತ ಉತ್ತರವನ್ನು ಅಕ್ಷರದ ಜಾಗದಲ್ಲಿಟ್ಟರೆ ಅದರ ಸತ್ಯಾಸತ್ಯ ತಾನೇ ತಿಳಿಯುತ್ತದೆ: 12 + 2 = 14. ಮಗು ಯಾರ ಮುಖವನ್ನೂ ನೋಡಬೇಕಾಗಿಲ್ಲ.

“ಇದು ನಿನಗೆ ಹತ್ತದು” ಎಂಬ ಒಂದು ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳ ಮುಂದಿನ ಓದಿಗೆ ಬಾಗಿಲು ಮುಚ್ಚಿದೆ. ಮಾರುಕಟ್ಟೆಯ ತೂಕದ ಚೀಟಿಯನ್ನು ತಾನೇ ಪರಿಶೀಲಿಸುವ ಧೈರ್ಯವೂ ಅಲ್ಲಿಯೇ ಉಡುಗುತ್ತದೆ. ಆದುದರಿಂದ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಅಕ್ಕಿ ಅಳೆಯುವಾಗ ಮಗಳನ್ನು ಬಳಿಗೆ ಕರೆಯಿರಿ. “ಡಬ್ಬದಲ್ಲಿ ಒಂಬತ್ತು ಪಾವಿತ್ತು, ಈಗ ಆರಿದೆ, ಎಷ್ಟು ತೆಗೆದೆ?” ಎಂದು ಕೇಳಿರಿ. ಉತ್ತರವನ್ನು ನೀವು ಹೇಳಬೇಡಿ; ಅವಳು ಹೇಳುವವರೆಗೆ ಕಾಯಿರಿ.