ಕೇದಾರನಾಥನ ಚಳಿಗಾಲದ ಮನೆ

ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರದ ವೈರಾಗ್ಯ ಸಿಂಹಾಸನವಿರುವುದು ಉತ್ತರಾಖಂಡದ ಊಖೀಮಠದಲ್ಲಿ. ಬೇಸಿಗೆಯಲ್ಲಿ ಕೇದಾರಕ್ಕೆ ಧಾವಿಸುವ ನಮ್ಮವರಲ್ಲಿ ಅನೇಕರು ಈ ಊರನ್ನು ಮಂದಾಕಿನಿಯ ಆಚೆ ದಡದ ಗುಪ್ತಕಾಶಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ನಾವು ದಂಪತಿಗಳು ಹೋದದ್ದು ಕಾರ್ತಿಕದಲ್ಲಿ, ಯಾತ್ರಿಕರು ಹಿಂದಿರುಗುವ ಕಾಲದಲ್ಲಿ. ದೇವರೇ ಚಳಿಗೆ ಮನೆ ಬದಲಿಸುವುದನ್ನು ಕಣ್ಣಾರೆ ಕಾಣಬೇಕೆಂಬುದು ನಮ್ಮ ಬಯಕೆಯಾಗಿತ್ತು.

ಕೇದಾರ ದೇಗುಲವಿರುವುದು ಸುಮಾರು 11,750 ಅಡಿ ಎತ್ತರದಲ್ಲಿ. ಬಲಿಪಾಡ್ಯಮಿಯ ನಂತರ ಬರುವ ಯಮದ್ವಿತೀಯದಂದು ಜ್ಯೋತಿರ್ಲಿಂಗಕ್ಕೆ ಸಮಾಧಿ ಪೂಜೆ ನಡೆಯುತ್ತದೆ. ಲಿಂಗವನ್ನು ಭಸ್ಮದಿಂದಲೂ ಒಣ ಹೂಗಳಿಂದಲೂ ಮುಚ್ಚಿ, ದೀಪ ಬೆಳಗಿಸಿ ಬಾಗಿಲು ಹಾಕುತ್ತಾರೆ. ಆ ದೀಪ ಆರು ತಿಂಗಳೂ ಆರದೆಂಬುದು ಭಕ್ತರ ನಂಬಿಕೆ. ಪಂಚಮುಖಿ ಉತ್ಸವಮೂರ್ತಿಯ ಪಲ್ಲಕ್ಕಿ ರಾಮಪುರದಲ್ಲಿ ಒಂದು ರಾತ್ರಿ, ಗುಪ್ತಕಾಶಿಯಲ್ಲಿ ಒಂದು ರಾತ್ರಿ ತಂಗಿ, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ ಗುಡಿಯನ್ನು ಸೇರುತ್ತದೆ. ಈ ಊರಿನ ಎತ್ತರ ಸುಮಾರು 4,300 ಅಡಿ ಮಾತ್ರ. ಕನ್ನಡ ನಾಡಿನ ವೀರಶೈವ ಜಂಗಮ ಮನೆತನದಿಂದ ಬರುವ ರಾವಲರ ಗಾದಿಯೂ ಇಲ್ಲಿಯೇ ಇದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಇಲ್ಲಿಯೇ ಸಾರುತ್ತಾರೆ.

ಪಲ್ಲಕ್ಕಿಯ ದರ್ಶನವಾದ ಮೇಲೆ ನಾವು ಚೋಪ್ತಾ ಮಾರ್ಗದ ಒಂದು ಹಳ್ಳಿಯಲ್ಲಿ ನಾಲ್ಕು ದಿನ ತಂಗಿದೆವು. ಅಲ್ಲಿಯೂ ಚಳಿಗಾಲದ ಸಿದ್ಧತೆ ನಡೆದಿತ್ತು. ನಮಗೆ ಆಶ್ರಯ ನೀಡಿದ ವೃದ್ಧೆಗೆ ಎಪ್ಪತ್ತು ದಾಟಿತ್ತು. ಎಲ್ಲರಂತೆ ನಾವೂ ಆಕೆಯನ್ನು ಮಾತಾಜಿ ಎಂದೇ ಕರೆದೆವು.

ಆ ಮನೆಯ ಗೋಡೆಗಳು ದಪ್ಪ ಕಲ್ಲಿನವು. ಬಾಗಿಲು ಕುಳ್ಳು, ಕಿಟಕಿ ಕಿರಿದು. ಕೆಳಗೆ ಆಕಳು, ಮೇಲೆ ಮನುಷ್ಯರು. ದನಗಳ ಮೈಬಿಸಿ ಮೇಲಿನ ಅಂತಸ್ತನ್ನು ಬೆಚ್ಚಗಿಡುತ್ತದೆ. ಹೆಬ್ಬಾಗಿಲು ದಾಟಿದೊಡನೆ ದನಕರುಗಳನ್ನು ಕಟ್ಟುತ್ತಿದ್ದ ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳು ನನ್ನ ನೆನಪಿಗೆ ಬಂದವು. ಮಾಡಿಗೆ ಹೊದಿಸಿದ್ದು, ನಮ್ಮ ಶಹಾಬಾದ್ ಕಲ್ಲಿನಂತೆ ತೆಳುವಾಗಿ ಸೀಳಿದ ಕಲ್ಲುಹಲಗೆಗಳು. ಅವುಗಳಿಗೆ ಪಠಾಲ್ ಎಂದು ಹೆಸರು. ಮಳೆಗಾಲದಲ್ಲಿ ಸರಿದ ಹಲಗೆಗಳನ್ನು ಹಿಮ ಬೀಳುವ ಮೊದಲೇ ಸರಿಪಡಿಸಬೇಕು. ಸಂದಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲೂ ಬಿರುಕು ಬಿಡುತ್ತದೆ.

ಮಾತಾಜಿ ಗೋಡೆಯ ಬಿರುಕುಗಳಿಗೆ ಮಣ್ಣು, ಸೆಗಣಿ ಕಲಸಿ ಮೆತ್ತುತ್ತಿದ್ದರು. ಅಂಗಳದಲ್ಲಿ ಸೌದೆ, ಪಕ್ಕದಲ್ಲಿ ಹುಲ್ಲಿನ ಬಣವೆ, ಸೂರಿನಡಿ ಮುಸುಕಿನ ಜೋಳದ ತೆನೆಗಳ ಸಾಲು. ಕಣಜದಲ್ಲಿದ್ದುದನ್ನು ಕಂಡು ನನ್ನ ಪತ್ನಿ ಹಿಗ್ಗಿದಳು. ಅವರ ಮಂಡುವಾ ನಮ್ಮ ರಾಗಿಯೇ. ಅವರ ಗಹತ್ ನಮ್ಮ ಹುರುಳಿಯೇ! ಹುರುಳಿ ಮೈಗೆ ಉಷ್ಣವೆಂದು ಅಲ್ಲಿಯೂ ಚಳಿಗಾಲದಲ್ಲಿ ಅದರ ಸಾರಿಗೆ ಬೇಡಿಕೆ.

ರಾತ್ರಿ ಅಗ್ಗಿಷ್ಟಿಕೆಯ ಕೆಂಡದ ಸುತ್ತ ಕುಳಿತೆವು. ಮಲಗುವ ಮುನ್ನ ಮಾತಾಜಿ ಅದನ್ನು ಎತ್ತಿ ಹೊರಗಿಟ್ಟರು. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಹೊಗೆ ಕಾಣದಿದ್ದರೂ ವಿಷವಾಯು ತುಂಬಿ, ಮಲಗಿದವರು ಏಳದೆ ಹೋಗಬಹುದು. ಹಿಮಾಲಯ ಯಾತ್ರೆಗೆ ಹೋಗುವ ನಮ್ಮ ಬಂಧುಗಳು ಇದನ್ನು ಅವಶ್ಯ ನೆನಪಿಡಬೇಕು.

ಆ ಹಳ್ಳಿಯಲ್ಲಿ ಬೀಗ ಬಿದ್ದ ಮನೆಗಳೂ ಇದ್ದವು. ಒಂದರ ಮಾಡು ಕುಸಿದು ಒಳಗೆ ಗಿಡ ಬೆಳೆದಿತ್ತು. ಮಕ್ಕಳು ಉದ್ಯೋಗಕ್ಕೆಂದು ಬಯಲಿಗಿಳಿದ ಮೇಲೆ ಹಲಗೆ ಸರಿಪಡಿಸುವವರಿಲ್ಲ. ಮಾತಾಜಿಯ ಮಗನೂ ಡೆಹ್ರಾಡೂನಿಗೆ ಬಾರೆಂದು ಕರೆಯುತ್ತಿದ್ದಾನಂತೆ.

“ಈ ಚಳಿಯಲ್ಲಿ ಒಬ್ಬರೇ ಹೇಗಿರುತ್ತೀರಿ, ಮಾತಾಜಿ? ಸ್ವಾಮಿಯೇ ಬಾಗಿಲು ಹಾಕಿ ಕೆಳಗಿಳಿಯುತ್ತಾನಲ್ಲ?” ಎಂದೆ.

ಆಕೆ ನಕ್ಕು ನುಡಿದರು: “ಬಾಬಾ ಇಳಿಯುವಾಗ ದೀಪ ಹಚ್ಚಿಟ್ಟು ಇಳಿಯುತ್ತಾನೆ, ಮರಳುವ ದಿನವನ್ನೂ ಹೇಳುತ್ತಾನೆ. ಇವರು ಯಾವ ದಿನ ಹೇಳಿ ಹೋದರು, ಮಗಾ?”

ನನಗೆ ಉತ್ತರ ಹೊಳೆಯಲಿಲ್ಲ. ತಾಯಿ ಲಿಂಗೈಕ್ಯರಾದ ಮೇಲೆ ನಮ್ಮೂರಿನ ಮನೆಗೂ ನಾನು ಬೀಗ ಹಾಕಿ ಆರು ವರ್ಷಗಳಾಗಿದ್ದವು. ತಾಯಿ ನಿತ್ಯ ಲಿಂಗಪೂಜೆಗೆ ಕೂರುತ್ತಿದ್ದ ಪಡಸಾಲೆಯ ಮೂಲೆಯಲ್ಲಿ ಮಳೆ ಸೋರುತ್ತಿದೆಯೆಂದು ನೆರೆಯವರು ಎರಡು ಬಾರಿ ಹೇಳಿ ಕಳಿಸಿದ್ದರು. ನಾನು ‘ಆಗಲಿ’ ಎಂದು ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಕೊರೆಯುವ ಚಳಿಯಲ್ಲಿ ಸ್ನಾನ ಮುಗಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತೆ. ಕೇದಾರದ ಬಾಗಿಲಿಗೆ ಋತುವಿನ ಕಟ್ಟಳೆಯುಂಟು. ಕರಸ್ಥಲದ ಲಿಂಗಕ್ಕೆ ಬಾಗಿಲೂ ಇಲ್ಲ, ಕಟ್ಟಳೆಯೂ ಇಲ್ಲ. ನಾವಿದ್ದೆಡೆಯೇ ಅದರ ನೆಲೆ. ಅದನ್ನು ನನಗೆ ಕಲಿಸಿದ ಮನೆಯನ್ನೇ ನಾನು ಮರೆತಿದ್ದೆನಲ್ಲ ಎಂದು ಮನಸ್ಸು ಕುಗ್ಗಿತು.

ಹೊರಡುವ ಮುನ್ನ ಮಾತಾಜಿಯ ಮಾಡಿನ ಉಳಿದ ಹಲಗೆಗಳನ್ನು ಕೂರಿಸಲು ನೆರೆಯ ಯುವಕನಿಗೆ ಕೈಜೋಡಿಸಿದೆ. ಊರಿಗೆ ಮರಳಿದ ವಾರದಲ್ಲೇ ನಮ್ಮ ಮನೆಯ ಬೀಗ ತೆಗೆಸಿ, ಸೋರುವ ಮಾಳಿಗೆಗೆ ಮಣ್ಣು ಹಾಕಿಸಿದೆ. ಆ ವರ್ಷದ ಶಿವರಾತ್ರಿಗೆ, ಊಖೀಮಠದಲ್ಲಿ ಕೇದಾರನ ಬಾಗಿಲು ತೆರೆಯುವ ದಿನವನ್ನು ಸಾರುವಾಗ, ನಮ್ಮ ಪಡಸಾಲೆಯಲ್ಲಿಯೂ ದೀಪ ಉರಿಯುತ್ತಿತ್ತು.