ಕುಸ್ವಾರಿನ ತಟ್ಟೆಗೆ ಬಂದ ಹೊಸ ಉಂಡೆ

ಮಂಗಳೂರಿನ ಡಿಸೆಂಬರನ್ನು ಚಳಿಗಾಲ ಎನ್ನುವ ಧೈರ್ಯ ಕ್ಯಾಲೆಂಡರಿಗೆ ಮಾತ್ರ ಇದೆ. ಮಧ್ಯಾಹ್ನಕ್ಕೆ 32, 33 ಡಿಗ್ರಿ ಸೆಕೆ. ಇತ್ತ ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ. ಚಾಕಲೇಟು ಬಾಯಿಗಿಟ್ಟರೆ ಕರಗುವುದಕ್ಕೆ ಕಾರಣ ಅದೇ, ನಮ್ಮ ಮೈಬಿಸಿ ಅದಕ್ಕಿಂತ ಒಂದಿಷ್ಟು ಹೆಚ್ಚು. ಹಾಗೆ ನೋಡಿದರೆ ನಮ್ಮೂರಿನ ಮಧ್ಯಾಹ್ನವೂ ಒಂದು ದೊಡ್ಡ ಬಾಯಿಯೇ.

ಹೀಗಿದ್ದೂ ಈಚೆಗೆ ಕ್ರಿಸ್ಮಸ್ಸಿಗೆ ಪಕ್ಕದ ಮನೆಯಿಂದ ಬರುವ ಕುಸ್ವಾರಿನ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ತುಕ್ಡಿ, ರೋಸ್ ಕುಕೀಸುಗಳ ನಡುವೆ ಕೆಂಪು, ಹಸಿರು, ಬಿಳಿ ಬಣ್ಣದ ಚಾಕಲೇಟ್ ಟ್ರಫಲ್ಲುಗಳು ಜಾಗ ಹಿಡಿದಿವೆ. "ಇದು ಯಾವ ಕಾಲದ ಕುಸ್ವಾರ್, ಬಾಯಮ್ಮ?" ಎಂದು ಕೇಳಿದೆ. "ಮಕ್ಕಳಿಗೆ ಎಣ್ಣೆತಿಂಡಿ ಬೇಡ ಅಂತೆ ಮಾರಾಯ್ರೇ. ಇದಾದ್ರೆ ಅವರೇ ಕೂತು ಉಂಡೆ ಕಟ್ತಾರೆ. ನನಗೂ ಬಾಣಲೆ ಮುಂದೆ ನಿಲ್ಲುವ ಕೆಲಸ ಇಲ್ಲ. ಓವನ್ ಸಹ ಬೇಡ!" ಎಂದರು.

ಓವನ್ ಬೇಡ ಎಂಬುದನ್ನು ಈಗ ಎಲ್ಲರೂ ದೊಡ್ಡ ಉಪಕಾರದಂತೆ ಹೇಳುತ್ತಾರೆ. ನಮ್ಮಲ್ಲಿ ಓವನ್ ಇದ್ದದ್ದಾದರೂ ಯಾವಾಗ? ತಂಬಿಟ್ಟು, ಎಳ್ಳುಂಡೆ, ರವೆ ಉಂಡೆ, ಶೇಂಗಾ ಉಂಡೆ, ಯಾವುದಕ್ಕೂ ಬೇಕಾಗಿರಲಿಲ್ಲ. ಕುಸ್ವಾರಿನದೂ ಮುಕ್ಕಾಲು ಪಾಲು ಬಾಣಲೆಯ ಸಂಸಾರ. ಕೇಕು ಮಾತ್ರ ಒಪ್ಪದೆ ಹೋದಾಗ ಹಿಟ್ಟು ಕಲಸಿ, ತಗಡಿನ ತಟ್ಟೆಗೆ ಸುರಿದು, ಹತ್ತಿರದ ಬೇಕರಿಯವರ ಕಾಲಿಗೆ ಬೀಳುತ್ತಿದ್ದ ಮನೆಗಳಿದ್ದವು.

ಟ್ರಫಲ್ಲಿಗೆ ಬೇಕಾದ್ದು ಬೆಂಕಿಯಲ್ಲ, ಚಳಿ. ಯುರೋಪಿನ ಕ್ರಮ ಸರಳ: ಕೆನೆಯನ್ನು ಅಂಚಿನಲ್ಲಿ ಗುಳ್ಳೆ ಏಳುವಷ್ಟು ಬಿಸಿಮಾಡಿ, ಅದರ ಎರಡರಷ್ಟು ತೂಕದ, ಸಣ್ಣಗೆ ಹೆಚ್ಚಿದ ಚಾಕಲೇಟಿನ ಮೇಲೆ ಸುರಿಯುವುದು. ಎರಡು ನಿಮಿಷ ಸುಮ್ಮನಿದ್ದು, ನಡುವಿನಿಂದ ಮೆಲ್ಲಗೆ ಕಲಕುವುದು. ಆರಿಸಿ, ತಣ್ಣಗಿಟ್ಟು, ಉಂಡೆ ಕಟ್ಟುವುದು. ಕೆಲವೇ ಡಿಗ್ರಿ ಚಳಿಯಿರುವ ಊರಿನಲ್ಲಿ, ಐಸಿನಂಥ ಕೈಗಳಲ್ಲಿ ಇದು ಆಟ. ನಮ್ಮ ಕೈಗೆ ತಾಗಿದ್ದೇ ತಡ ಅಂಗೈಗೆ ಮೆಹಂದಿ ಹಾಕಿದ ಹಾಗಾಗುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟರೋ, ಕರಾವಳಿಯ ತೇವಕ್ಕೆ ಉಂಡೆ ಬೆವರುತ್ತದೆ, ಮೇಲೆ ಹೊರಳಿಸಿದ ಬಣ್ಣ ಸೋರುತ್ತದೆ. ಬಣ್ಣ ಬೇಕೆಂದು ಬಿಳಿ ಚಾಕಲೇಟನ್ನು ಕರಗಿಸಿ, ಅದಕ್ಕೆ ಪಾಯಸದ ನೀರುಬಣ್ಣ ಹಾಕುವವರೂ ಇದ್ದಾರೆ. ಕರಗಿದ ಚಾಕಲೇಟಿಗೆ ತೊಟ್ಟು ನೀರು ಬಿದ್ದರೆ ಸಾಕು, ಕೊಬ್ಬಿನಲ್ಲಿ ತೇಲುತ್ತಿದ್ದ ಸಕ್ಕರೆ, ಕೊಕ್ಕೊ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅದಕ್ಕೆ ಎಣ್ಣೆಯಲ್ಲಿ ಬೆರೆಯುವ ಬಣ್ಣವೇ ಆಗಬೇಕು.

ಹಾಗಾದರೆ ಸೆಕೆಯ ಊರಿನವರು ಏನು ಮಾಡಬೇಕು? ಡಿಸೆಂಬರಿನಲ್ಲಿ ನಡುಬೇಸಿಗೆ ಅನುಭವಿಸುವ ಬ್ರೆಜಿಲಿನವರನ್ನು ಕೇಳಬೇಕು. ಅವರ ಉಂಡೆಯ ಹೆಸರು ಬ್ರಿಗಡೇರೊ. 1945ರ ಅಧ್ಯಕ್ಷ ಚುನಾವಣೆಯಲ್ಲಿ ಬ್ರಿಗೇಡಿಯರ್ ಎಡುವಾರ್ಡೊ ಗೋಮ್ಸ್ ಅಭ್ಯರ್ಥಿಯಾಗಿದ್ದರು, ಅವರ ಬೆಂಬಲಿಗ ಹೆಂಗಸರು ಇದನ್ನು ಮಾಡಿ ಹಂಚಿದರು ಎಂಬ ಕತೆ ಅಲ್ಲಿ ಪ್ರಚಲಿತ. ಚುನಾವಣೆ ಗೆದ್ದದ್ದು ಜನರಲ್ ದುತ್ರಾ. ಅವರ ಹೆಸರಿನ ಉಂಡೆಯನ್ನು ನಾನಂತೂ ಕೇಳಿಲ್ಲ.

ಒಂದು ಡಬ್ಬ ಕಂಡೆನ್ಸ್ಡ್ ಮಿಲ್ಕ್, ಮೂರು ಚಮಚ ಕೊಕ್ಕೊ ಪುಡಿ, ಒಂದು ಚಮಚ ಬೆಣ್ಣೆ. ದಪ್ಪತಳದ ಪಾತ್ರೆ, ಸಣ್ಣ ಉರಿ. ಕೈಬಿಡದೆ ತಿರುವುತ್ತಿದ್ದರೆ ಹತ್ತು ನಿಮಿಷದ ಸುಮಾರಿಗೆ ಪಾಕ ತಳ ಬಿಡುತ್ತದೆ. ಹಲ್ವ ಕಾಸಿದವರಿಗೆ ಈ ಘಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರಿದ ಮೇಲೆ ಕೈಗೆ ಬೆಣ್ಣೆ ಸವರಿ ಉಂಡೆ ಕಟ್ಟಿದರಾಯಿತು. ಇದನ್ನು ಗಟ್ಟಿಯಾಗಿ ಹಿಡಿದಿರುವುದು ಕೊಕ್ಕೊ ಬೆಣ್ಣೆಯಲ್ಲ, ಕಾಯ್ದ ಹಾಲು ಮತ್ತು ಸಕ್ಕರೆ. ನಮ್ಮ ಮಧ್ಯಾಹ್ನಕ್ಕೆ ಅದು ಅಷ್ಟು ಸುಲಭದಲ್ಲಿ ಜಗ್ಗುವುದಿಲ್ಲ. ಒಲೆ ಹಚ್ಚುವಷ್ಟೂ ಪುರುಸೊತ್ತಿಲ್ಲದವರು ಮಾರಿ ಬಿಸ್ಕತ್ತನ್ನು ಪುಡಿಮಾಡಿ, ಕೊಕ್ಕೊ ಮತ್ತು ಕಂಡೆನ್ಸ್ಡ್ ಮಿಲ್ಕಿನಲ್ಲಿ ಕಲಸಿ ಕಟ್ಟುತ್ತಾರೆ. ಟ್ರಫಲ್ ಪಂಡಿತರು ಮುಖ ಸಿಂಡರಿಸಬಹುದು. ಮಕ್ಕಳು ಮೊದಲು ಖಾಲಿ ಮಾಡುವುದು ಅದನ್ನೇ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಿಪುಣ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣಕ್ಕೂ ಕಾಟನ್ ಕ್ಯಾಂಡಿಯ ರೊಡಮಿನ್-ಬಿಗೂ ನಿಷೇಧ ಹಾಕಿದ ಮೇಲೆ, ಹೆಸರಿಲ್ಲದ ಪುಡಿಪೊಟ್ಟಣ ಕಂಡರೆ ಕೈ ಹಿಂದೆ ಬರುತ್ತದೆ. ಬಿಳಿಗೆ ಕೊಬ್ಬರಿ ತುರಿ, ಹಸಿರಿಗೆ ಪಿಸ್ತಾ ಪುಡಿ, ಕೆಂಪಿಗೆ ಒಣಗಿಸಿ ಪುಡಿಮಾಡಿದ ಬೀಟ್‌ರೂಟು, ಕಂದಿಗೆ ಬರಿಯ ಕೊಕ್ಕೊ. ಕ್ರಿಸ್ಮಸ್ಸಿಗೆ ಇಷ್ಟು ಬಣ್ಣ ಸಾಲದೇ? ಸಾಲದು ಎನ್ನುವ ಮಕ್ಕಳಿಗೆ ಪ್ಯಾಕೆಟ್ಟಿನ ಮೇಲೆ ಬಣ್ಣಗಳ ವಿವರ ಬರೆದಿರುವ ಸಕ್ಕರೆ ಕಾಳು ತನ್ನಿ.

ಕೊಕ್ಕೊ ಎಂದಾಗ ನೆನಪಾಯಿತು. ನಮ್ಮಲ್ಲಿ ಅದು ಅಡಿಕೆ ತೋಟದ ನೆರಳಿನ ಬೆಳೆ. ಎಪ್ಪತ್ತರ ದಶಕದಲ್ಲಿ ಹುರುಪಿನಿಂದ ನೆಟ್ಟವರು, ದಶಕದ ಕೊನೆಗೆ ಕೊಳ್ಳುವವರಿಲ್ಲದೆ ತಲೆಮೇಲೆ ಕೈಹೊತ್ತರು. ಆಗ ಖರೀದಿಗೆ ಇಳಿದದ್ದು 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೊ. ಅಡಿಕೆ ಬೆಳೆಗಾರರ ಆ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ತೋಟದ ಮಕ್ಕಳಿಗೆ ಕೊಕ್ಕೊ ಎಂದರೆ ಹಣ್ಣು ಒಡೆದು ಚೀಪುವ ಬಿಳಿ ತಿರುಳು. ಬೀಜ ಉಗುಳಿದರೆ ಅವರ ಲೆಕ್ಕ ಮುಗಿಯಿತು. ಮಂಗಗಳ, ಅಳಿಲುಗಳ ಅಭಿಪ್ರಾಯವೂ ಅದೇ. ಅವರು ಉಗುಳುವ ಆ ಬೀಜ ಆರೇಳು ದಿನ ಹುಳಿಬಂದು, ಒಣಗಿ, ಹುರಿದ ಮೇಲಷ್ಟೇ ಚಾಕಲೇಟಿನ ಪರಿಮಳ ಬರುವುದು.

ಅಂಗಡಿಯಲ್ಲಿ ಒಮ್ಮೆ ಪ್ಯಾಕೆಟ್ಟಿನ ಹಿಂಬದಿ ಓದಿ. ಕೊಕ್ಕೊ ಬೆಣ್ಣೆಯ ಬದಲು ತಾಳೆಬೀಜದ ಎಣ್ಣೆ ಎಂದಿದ್ದರೆ ಅದು ಕಾಂಪೌಂಡ್. ಸೆಕೆಗೆ ಗಟ್ಟಿ, ನಾಲಿಗೆಗೆ ಮೇಣ. ಹೊರಕವಚಕ್ಕೆ ನಡೆದೀತು, ಒಳಗೆ ಬೇಡ. ಉಂಡೆ ಕಟ್ಟುವ ಕೆಲಸ ಹೊತ್ತು ಮುಳುಗಿದ ಮೇಲೆ ಇಟ್ಟುಕೊಳ್ಳಿ. ಕೆನೆ ಹಾಕಿದ್ದಾದರೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ, ಹೊಸ ವರ್ಷಕ್ಕೆಂದು ಎತ್ತಿಡಬೇಡಿ.