ಯುಗಾದಿಯ ಹಿಂದಿನ ರಾತ್ರಿ

2018ರ ಯುಗಾದಿ ಮಾರ್ಚ್ 18ರ ಭಾನುವಾರ ಬಂದಿತ್ತು. ಅದರ ಹಿಂದಿನ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ನಾಲ್ಕನೆಯ ಋತುವಿನ ಕೊನೆಯ ಪಂದ್ಯ. ಎದುರಾಳಿಗಳು ಬೆಂಗಳೂರು ಎಫ್‌ಸಿ ಮತ್ತು ಚೆನ್ನೈಯಿನ್ ಎಫ್‌ಸಿ. ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಇದಕ್ಕಿಂತ ಇಕ್ಕಟ್ಟಿನ ಪಂದ್ಯವನ್ನು ಯಾರೂ ಏರ್ಪಡಿಸಲಾರರು.

ನಮ್ಮ ಓದಿನ ಬಳಗ ತಿಂಗಳಿಗೊಮ್ಮೆ ಪಶ್ಚಿಮ ಮಾಂಬಲಂನ ನಮ್ಮ ಮನೆಯಲ್ಲಿ ಸೇರುವುದು ರೂಢಿ. ಆ ತಿಂಗಳ ಕೂಟದಲ್ಲಿ ಕಥಾಸಂಕಲನವೊಂದರ ಚರ್ಚೆಯಾಗಬೇಕಿತ್ತು. ಪುಸ್ತಕ ಮೇಜಿನ ಮೇಲೆಯೇ ಉಳಿಯಿತು. ಫುಟ್‌ಬಾಲ್ ಎಂದರೆ ಗೋಲು ಯಾವ ಕಡೆಗೆ ಹೊಡೆಯಬೇಕೆಂಬುದನ್ನಷ್ಟೇ ಬಲ್ಲವರೂ ಅಂದು ಪಂಡಿತರಾದರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು, ಪ್ರತಿಯೊಬ್ಬರ ಭವಿಷ್ಯವಾಣಿಯನ್ನೂ ಸಹಿಸಮೇತ ಬರೆಸಿಕೊಂಡರು. ಸೋತವರು ಯುಗಾದಿಯ ದಿನ ಎಲ್ಲರಿಗೂ ಹೋಳಿಗೆ ಹಂಚಬೇಕೆಂಬ ಕರಾರೂ ಆಯಿತು.

ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಬೆಂಗಳೂರು ಎಂದರು. ಅದಕ್ಕೆ ಆಧಾರಗಳಿಲ್ಲದೆ ಇರಲಿಲ್ಲ. ಹದಿನೆಂಟು ಪಂದ್ಯಗಳ ಲೀಗಿನಲ್ಲಿ ಬೆಂಗಳೂರು 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿತ್ತು. ಎರಡನೆಯದಾದ ಚೆನ್ನೈ ಗಳಿಸಿದ್ದು 32. ಸೆಮಿಫೈನಲಿನಲ್ಲಿ ಪುಣೆಯ ವಿರುದ್ಧ ಸುನಿಲ್ ಛೆಟ್ರಿ ಮೂರು ಗೋಲು ಬಾರಿಸಿದ್ದರು. ಕೋಲ್ಕತ್ತೆಯಲ್ಲಿ ನಡೆಯಬೇಕಿದ್ದ ಫೈನಲ್ ಬೆಂಗಳೂರಿಗೇ ಬಂದಿತ್ತು. ಫೆಬ್ರವರಿಯಲ್ಲಿ ನಮ್ಮೂರಿನ ನೆಹರು ಕ್ರೀಡಾಂಗಣದಲ್ಲೇ ಬೆಂಗಳೂರು 3-1ರಿಂದ ಗೆದ್ದು ಹೋಗಿತ್ತು. ಇಷ್ಟೆಲ್ಲ ಇದ್ದ ಮೇಲೆ ಇನ್ನೇನು ಬೇಕು? ಒಬ್ಬರು 2-0 ಎಂದರು, ಇನ್ನೊಬ್ಬರು 3-1. ಅತ್ಯುತ್ಸಾಹಿಯೊಬ್ಬರು 4-0 ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದರು.

ಹತ್ತನೆಯ ಸಹಿ ಹನ್ನೆರಡು ವರ್ಷದ ನಮ್ಮ ಮಗಳದು. ಅವಳು ಚೆನ್ನೈ 3-2 ಎಂದು ಬರೆದಳು. ಕಾರಣ ಕೇಳಿದಾಗ, ಡಿಸೆಂಬರ್‌ನಲ್ಲಿ ಇದೇ ಕಂಠೀರವದಲ್ಲಿ ಛೆಟ್ರಿ 85ನೇ ನಿಮಿಷದಲ್ಲಿ ಸಮ ಮಾಡಿದ ಮೇಲೂ 88ನೇ ನಿಮಿಷದಲ್ಲಿ ಧನಪಾಲ್ ಗಣೇಶ್ ಗೋಲು ಹೊಡೆದು ಚೆನ್ನೈಯನ್ನು ಗೆಲ್ಲಿಸಿದ್ದನ್ನು ನೆನಪಿಸಿದಳು. ಗಣೇಶ್ ಉತ್ತರ ಚೆನ್ನೈನ ವ್ಯಾಸರಪಾಡಿಯ ಹುಡುಗ, ಬೀದಿಯ ಆಟದಿಂದ ಬಂದವನು ಎಂಬುದನ್ನೂ ಅವಳೇ ನಮಗೆ ಹೇಳಬೇಕಾಯಿತು. "ಮನೆಯಲ್ಲೇ ಶತ್ರು" ಎಂದು ಯಾರೋ ನಕ್ಕರು. ಅವಳು ನಗಲಿಲ್ಲ. "ನಾನು ಹುಟ್ಟಿದ್ದು ಇಲ್ಲಿ. ಇದು ನನ್ನ ಊರಲ್ಲವೇ?" ಎಂದು ಕೇಳಿದಳು. ಕನ್ನಡದಲ್ಲಿಯೇ ಕೇಳಿದಳು. ಅದಕ್ಕೆ ತಟ್ಟನೆ ಹೇಳುವ ಉತ್ತರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಆಕೆಯ ಪಕ್ಷಪಾತದ ಮೂಲ ನಮಗೆ ತಿಳಿಯದ್ದೇನಲ್ಲ. 2015ರ ಡಿಸೆಂಬರ್‌ನ ಮಹಾಮಳೆಯಲ್ಲಿ ನೀರು ನಮ್ಮ ಬೀದಿಯನ್ನು ತುಂಬಿ ಕೆಳಮಹಡಿಯ ಮನೆಗೆ ನುಗ್ಗಿದಾಗ, ಅಲ್ಲಿದ್ದ ತಮಿಳು ಕುಟುಂಬ ಮೂರು ದಿನ ನಮ್ಮ ಮನೆಯಲ್ಲಿತ್ತು. ಕರೆಂಟಿಲ್ಲ, ಫೋನಿಲ್ಲ, ಒಂದೇ ಒಲೆಯಲ್ಲಿ ಅವರ ರಸಂ, ನಮ್ಮ ಸಾರು. ಊರು ಮುಳುಗಿದ್ದರಿಂದ ಚೆನ್ನೈಯಿನ್ ತಂಡ ತನ್ನ ತವರಿನ ಸೆಮಿಫೈನಲ್ಲನ್ನೂ ಪುಣೆಯಲ್ಲಿ ಆಡಬೇಕಾಯಿತು. ಅದೇ ತಿಂಗಳ 20ರಂದು ಗೋವಾದಲ್ಲಿ ಫೈನಲ್. ಕೊನೆಯ ನಿಮಿಷಗಳಲ್ಲಿ 1-2ರಿಂದ ಹಿಂದಿದ್ದ ಆ ತಂಡ 3-2ರಿಂದ ಗೆದ್ದಿತು. ಮಗಳು ಅದನ್ನು ನೋಡಿದ್ದು ಗೋಡೆಯಲ್ಲಿ ಇನ್ನೂ ನೀರಿನ ಗುರುತಿದ್ದ ಆ ಕೆಳಮಹಡಿಯ ಮನೆಯಲ್ಲಿ. ಒಂಬತ್ತು ವರ್ಷದ ಮಗುವಿಗೆ ಊರು ಎಂಬುದು ಅಂದು ಅರ್ಥವಾದಂತೆ ತೋರುತ್ತದೆ.

ಕೆಳಮಹಡಿಯ ಆ ನೆರೆಯವರು ಮಾತಿನಲ್ಲಿ ಸೋಲುವವರಲ್ಲ. ಆ ವಾರವಿಡೀ ಮೆಟ್ಟಿಲಲ್ಲಿ, ಹಾಲಿನ ಬೂತಿನಲ್ಲಿ, ಲಿಫ್ಟಿನಲ್ಲಿ ಅವರದೂ ನಮ್ಮದೂ ಜಗಳಬಂದಿ ನಡೆಯಿತು. ನಾವು ಇತಿಹಾಸವನ್ನು ಎಳೆದು ತಂದೆವು. ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ, ಅಲ್ಲಿನ ಅಜೇಯ ಜಟ್ಟಿಯನ್ನು ಕೆಡವಿ ಬಂದರೆಂಬ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. "ನಿಮ್ಮೂರಿಗೇ ಬಂದು ಗೆದ್ದ ದೊರೆಯ ಅಂಗಳ ಅದು, ಎಚ್ಚರ" ಎಂದೆವು. ಅವರು ಒಂದು ಕ್ಷಣ ಯೋಚಿಸಿ, "ಹಾಗಾದರೆ ಮುನ್ನೂರೈವತ್ತು ವರ್ಷಗಳಿಂದ ಬಾಕಿ ಇರುವ ಎರಡನೇ ಸುತ್ತಿನ ಪಂದ್ಯ ಇದು, ಈ ಸಲ ನಿಮ್ಮ ಊರಿನಲ್ಲಿ" ಎಂದರು. ಅದಕ್ಕೆ ಸಮಜಾಯಿಷಿ ಹುಡುಕುವುದರಲ್ಲಿ ನಮಗೆ ಒಂದು ದಿನ ಹಿಡಿಯಿತು.

ಮರುದಿನ ನಾವು ಫುಟ್‌ಬಾಲಿನ ಪರಂಪರೆಯನ್ನು ಹೇಳಹೊರಟೆವು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್ ಎಂಬುದು, 1962ರ ಏಷ್ಯಾಡ್ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದದ್ದು. ನೆರೆಯವರು ಹೆಸರುಗಳನ್ನು ನಿಧಾನವಾಗಿ ಮತ್ತೊಮ್ಮೆ ಉಚ್ಚರಿಸಿದರು: ಸಾರಂಗಪಾಣಿ, ಅರುಮೈನಾಯಗಂ. "ನಿಮ್ಮ ವಕೀಲರೆಲ್ಲ ನಮ್ಮವರೇ ಇದ್ದ ಹಾಗಿದೆಯಲ್ಲ" ಎಂದು ನಕ್ಕರು. ಅವರ ಅಕ್ಕ ಹಲಸೂರಿನಲ್ಲಿದ್ದಾರೆ. ಅಲ್ಲಿಂದ ಅನತಿದೂರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು ಹಗಲಿರುಳು ಚೆಂಡು ಒದೆಯುವ ಬೀದಿಗಳನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಬೆಂಗಳೂರಿನ ಫುಟ್‌ಬಾಲನ್ನು ಬೆಳೆಸಿದ ದಂಡು ಪ್ರದೇಶದ ಬೀದಿಗಳಲ್ಲಿ ತಮಿಳೂ ಕೇಳಿಸುತ್ತದೆ ಎಂಬ ಸತ್ಯವನ್ನು ನಾವು ಒಪ್ಪಲೇಬೇಕಾಯಿತು. ಇನ್ನು ಮೈದಾನಕ್ಕಿಳಿಯುವವರನ್ನು ನೋಡಿದರೆ, ನಮ್ಮ ಕಡೆಯ ಮಿಕು ವೆನೆಜುವೆಲಾದವನು, ಗೋಲಿ ಗುರುಪ್ರೀತ್ ಪಂಜಾಬಿನವನು. ಅವರ ಕಡೆಯ ಜೇಜೆ ಮಿಜೋರಾಮಿನವನು, ಮೈಲ್ಸನ್ ಬ್ರೆಜಿಲಿನವನು. ಇವರಲ್ಲಿ ಯಾರನ್ನು ಮುಂದಿಟ್ಟುಕೊಂಡು ನಾವು ಕನ್ನಡ, ನೀವು ತಮಿಳು ಎನ್ನುವುದು?

ಆದರೂ ಅಂದೆವು. ಅನ್ನುವುದರಲ್ಲಿ ಒಂದು ಸುಖವಿತ್ತು.

ಹಾಜರಿ ಪುಸ್ತಕದಲ್ಲಿ ಹನ್ನೊಂದನೆಯ ಸಾಲು ಖಾಲಿ ಉಳಿದಿತ್ತು. ಬಳಗದ ಅತ್ಯಂತ ಹಿರಿಯರು, ಐವತ್ತು ವರ್ಷಗಳಿಂದ ಚೆನ್ನೈವಾಸಿಗಳು, ಭವಿಷ್ಯ ನುಡಿಯಲು ಒಪ್ಪಲಿಲ್ಲ. ಒತ್ತಾಯಿಸಿದಾಗ, "ಯಾರಾದರೂ ಗೆಲ್ಲಲಿ. ಬೆಂಗಳೂರು ಗೆದ್ದರೆ ಮಾತ್ರ ಕಿಟಕಿ ಮುಚ್ಚಿಕೊಂಡು ಸಂತೋಷಪಡಿ" ಎಂದರು. ಕೋಣೆಯಲ್ಲಿದ್ದ ನಗು ಅಲ್ಲಿಗೇ ನಿಂತಿತು. ಆ ಮಾತಿನ ಹಿಂದೆ ಏನಿದೆಯೆಂದು ಯಾರೂ ಕೇಳಬೇಕಾಗಿರಲಿಲ್ಲ. ಸರಿಯಾಗಿ ಒಂದು ತಿಂಗಳ ಹಿಂದೆ, ಫೆಬ್ರವರಿ 16ರಂದು, ಸುಪ್ರೀಂ ಕೋರ್ಟು ಕಾವೇರಿ ವಿವಾದದ ತೀರ್ಪು ಕೊಟ್ಟಿತ್ತು. ತಮಿಳುನಾಡಿನ ಪಾಲು 192 ಟಿಎಂಸಿಯಿಂದ 177.25ಕ್ಕೆ ಇಳಿದು, ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಾಗಿತ್ತು. ಊರಿನಿಂದ ಬಂದ ಅಭಿನಂದನೆಯ ಫೋನುಗಳಿಗೆ ನಾವು ಬಸ್ಸಿನಲ್ಲಿದ್ದರೆ ದನಿ ತಗ್ಗಿಸಿ ಉತ್ತರಿಸಿದ್ದೆವು. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಗಲಭೆ ನಡೆದಾಗ, 2016ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟಾಗ, ಇಲ್ಲಿ ನಾವು ಬೀದಿಯಲ್ಲಿ ಕನ್ನಡ ಆಡುವುದನ್ನು ಕೆಲವು ದಿನ ನಿಲ್ಲಿಸಿದ್ದೆವು. ಯಾರೂ ನಮ್ಮನ್ನು ಬೆದರಿಸಿರಲಿಲ್ಲ, ನಾವೇ ನಿಲ್ಲಿಸಿದ್ದೆವು. ಅದೇ ದಿನಗಳಲ್ಲಿ ಹಲಸೂರಿನಲ್ಲಿ ನೆರೆಯವರ ಅಕ್ಕನೂ ಮಕ್ಕಳಿಗೆ ಹೊರಗೆ ತಮಿಳು ಆಡಬೇಡಿರೆಂದು ಹೇಳಿದ್ದರೆಂಬುದು ನಮಗೆ ಬಹಳ ಕಾಲದ ಮೇಲೆ ತಿಳಿಯಿತು.

ಪಂದ್ಯದ ರಾತ್ರಿ ಬಳಗದ ಏಳೆಂಟು ಮಂದಿ ನಮ್ಮ ಮನೆಯಲ್ಲಿ ಸೇರಿದರು. ಅಡುಗೆಮನೆಯಲ್ಲಿ ಮರುದಿನಕ್ಕಾಗಿ ಬೇಯುತ್ತಿದ್ದ ಬೇಳೆಯ ವಾಸನೆ. ಹಿರಿಯರು ಬಂದವರೇ, ಮಾತಿಲ್ಲದೆ, ಬೀದಿಯ ಕಡೆಯ ಕಿಟಕಿಯನ್ನು ಮುಚ್ಚಿದರು. ಒಂಬತ್ತನೆಯ ನಿಮಿಷದಲ್ಲಿ ಉದಾಂತ ಬಲದಿಂದ ಕಳಿಸಿದ ಚೆಂಡಿಗೆ ಛೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು, ಗೋಲು. ನಾವೆಲ್ಲರೂ ಎದ್ದು ನಿಂತೆವು, ಬಾಯಿ ತೆರೆದೆವು, ಮತ್ತು ಸದ್ದಿಲ್ಲದೆ ಕೈಕೈ ಹಿಡಿದುಕೊಂಡೆವು. ಬೆಳೆದ ಜನ ಟೀವಿಯ ಮುಂದೆ ಮೂಕಾಭಿನಯ ಮಾಡುತ್ತಿದ್ದುದನ್ನು ಮಗಳು ಬೆರಗಿನಿಂದ ನೋಡಿದಳು.

ಆಗ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಕೆಳಮಹಡಿಯ ನೆರೆಯವರು. "ಎನ್ನ ಸಾರ್, ಸತ್ತಮೇ ಇಲ್ಲೈ?" ಎಂದು ಕೇಳಿದರು. ಸದ್ದೇ ಇಲ್ಲವಲ್ಲ ಎಂದು ಅದರ ಅರ್ಥ. ಚೆನ್ನೈಗೆ ಹೊಸದಾಗಿ ಬಂದ ಕನ್ನಡಿಗ ಈ 'ಸತ್ತಂ' ಎಂಬ ಪದ ಕೇಳಿ ಬೆಚ್ಚುವುದುಂಟು. ನಮಗೂ ಅಂದು ಬೆಚ್ಚಿದಂತಾಯಿತು. "ನಿಮ್ಮವರು ಗೋಲು ಹೊಡೆದಿದ್ದಾರೆ. ನೀವು ಕೂಗದಿದ್ದರೆ, ನಮ್ಮವರು ಹೊಡೆದಾಗ ನಾನು ಹೇಗೆ ಕೂಗಲಿ?" ಎಂದು ಕೇಳುತ್ತ ಅವರು ಒಳಬಂದು, ಸೆಖೆಯೆಂದು ತಾವೇ ಕಿಟಕಿ ತೆರೆದು ಕುಳಿತರು. ಹಿರಿಯರು ಕಿಟಕಿಯನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಮುಂದಿನದು ದಾಖಲೆಯಲ್ಲಿದೆ. 17ನೇ ನಿಮಿಷದಲ್ಲಿ, ಮತ್ತೆ ವಿರಾಮಕ್ಕೆ ಸ್ವಲ್ಪ ಮುಂಚೆ, ಗ್ರೆಗರಿ ನೆಲ್ಸನ್ನನ ಕಾರ್ನರುಗಳಿಗೆ ಮೈಲ್ಸನ್ ಆಲ್ವೆಸ್ ಎರಡು ಬಾರಿ ತಲೆ ಕೊಟ್ಟ. 67ನೇ ನಿಮಿಷದಲ್ಲಿ ರಫೆಲ್ ಅಗಸ್ಟೋ ಮೂರನೆಯದನ್ನು ಹೊಡೆದ. ನೆರೆಯವರೂ ನಮ್ಮ ಮಗಳೂ ಸೇರಿ ಕೂಗಿದ್ದು ಬೀದಿಯ ತುದಿಗೆ ಕೇಳಿಸಿರಬೇಕು. ನಿಗದಿತ ಸಮಯ ಮುಗಿದ ಮೇಲೆ ಮಿಕು ಒಂದು ಗೋಲು ಮರಳಿಸಿದಾಗ, ಸೋಲು ಖಚಿತವೆಂದು ಗೊತ್ತಿದ್ದೂ, ಈ ಸಲ ನಾವು ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವರು ಕಿಟಕಿ ಮುಚ್ಚಿದ್ದ ಹಿರಿಯರು. ಪಂದ್ಯ 3-2ಕ್ಕೆ ಮುಗಿಯಿತು. ಹಾಜರಿ ಪುಸ್ತಕದಲ್ಲಿ ಅಂಕಿಅಂಶಗಳ ಬೆಂಬಲದ ಒಂಬತ್ತೂ ಭವಿಷ್ಯಗಳು ಬಿದ್ದುಹೋಗಿ, ಮಗುವಿನದೊಂದು ಮಾತ್ರ ಅಕ್ಷರಶಃ ನಿಂತಿತು.

ಮರುದಿನ ಬೆಳಿಗ್ಗೆ ಬೇವುಬೆಲ್ಲ ತಿಂದು, ಕರಾರಿನಂತೆ ಹೋಳಿಗೆಯ ಡಬ್ಬಿ ಹಿಡಿದು ಕೆಳಗಿಳಿದೆವು. ನೆರೆಯವರು ಒಂದು ಹೋಳಿಗೆಯನ್ನು ತೆಗೆದಿಟ್ಟು, ಹಲಸೂರಿನ ಅಕ್ಕನಿಗೆ ಫೋನು ಮಾಡಿ ಕೊಟ್ಟರು. ಆಕೆ ನಮಗೆ ಕನ್ನಡದಲ್ಲಿ ಯುಗಾದಿಯ ಶುಭಾಶಯ ಹೇಳಿ, ರಾತ್ರಿ ತಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವೆಂದರು. ಅವರ ಮಗ ಬೆಂಗಳೂರಿನ ನೀಲಿ ಅಂಗಿ ತೊಟ್ಟು ಕಂಠೀರವದಲ್ಲಿದ್ದನಂತೆ. ಅಳುತ್ತ ಮನೆಗೆ ಬಂದನಂತೆ.

ಇದಾದ ಮೂರು ವಾರಗಳಿಗೆ ಕಾವೇರಿಯ ಹೆಸರಿನಲ್ಲಿ ಚೆನ್ನೈ ಮತ್ತೆ ಬಿಸಿಯಾಯಿತು. ಏಪ್ರಿಲ್ 10ರಂದು ಚೇಪಾಕಿನಲ್ಲಿ ಪ್ರತಿಭಟನೆಯ ನಡುವೆ ಒಂದು ಐಪಿಎಲ್ ಪಂದ್ಯ ನಡೆದು, ಉಳಿದವು ಪುಣೆಗೆ ಹೋದವು. ಆ ದಿನಗಳಲ್ಲಿ ನಾವು ಹಳೆಯ ಅಭ್ಯಾಸದಂತೆ ಬೀದಿಯಲ್ಲಿ ದನಿ ತಗ್ಗಿಸಲಿಲ್ಲವೆಂದರೆ ಸುಳ್ಳಾದೀತು. ಅಭ್ಯಾಸಗಳು ಒಂದು ರಾತ್ರಿಯಲ್ಲಿ ಹೋಗುವುದಿಲ್ಲ. ಆದರೆ ಬೀದಿಯ ಕಡೆಯ ಆ ಕಿಟಕಿಯನ್ನು ಮಾತ್ರ ಮುಚ್ಚಲಿಲ್ಲ. ಹಾಜರಿ ಪುಸ್ತಕದ ಹನ್ನೊಂದನೆಯ ಸಾಲು ಇಂದಿಗೂ ಖಾಲಿಯಿದೆ. ಹಿರಿಯರನ್ನು ಕೇಳಿದರೆ, ಮುಂದಿನ ಫೈನಲ್ಲಿಗೆ ಬರೆಯುತ್ತೇನೆ ಎನ್ನುತ್ತಾರೆ.